ಲಂಡನ್ನಿನ ಎಳೆ ಬಿಸಿಲನ್ನು ನಂಬಬೇಡಿ

ನಮ್ಮಲ್ಲಿ ಶಿವರಾತ್ರಿ ಕಳೆದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ. ಸ್ವೆಟರುಗಳನ್ನು ಒಗೆದು, ನುಸಿಗುಳಿಗೆ ಹಾಕಿ ಬೀರುವಿನ ಮೇಲಿನ ಅರೆಗೆ ಸೇರಿಸುತ್ತೇವೆ. ಈ ಲೆಕ್ಕವನ್ನು ಮಾತ್ರ ಲಂಡನ್ನಿಗೆ ಕಟ್ಟಿಕೊಂಡು ಹೋಗಬೇಡಿ. ಮಾರ್ಚ್ ತಿಂಗಳಲ್ಲಿ ಅಲ್ಲಿ ವಸಂತ ಬಂತು ಎನ್ನುತ್ತಾರೆ, ಪಾರ್ಕುಗಳಲ್ಲಿ ಹೂವೂ ಬಿಟ್ಟಿರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೂ ಉಷ್ಣಾಂಶ 11–12 ಡಿಗ್ರಿ, ಬೆಳಗಿನ ಜಾವಕ್ಕೆ ನಾಲ್ಕೈದು. ಬೆಂಗಳೂರಿನ ಡಿಸೆಂಬರ್ ರಾತ್ರಿಗಿಂತ ಅಲ್ಲಿಯ ಮಾರ್ಚ್ ಮಧ್ಯಾಹ್ನವೇ ಹೆಚ್ಚು ತಣ್ಣಗಿರುತ್ತದೆ.

ಹೋಗಬೇಡಿ ಎನ್ನುತ್ತಿಲ್ಲ. ನನ್ನನ್ನು ಕೇಳಿದರೆ ಲಂಡನ್ ನೋಡಲು ಇದು ಒಳ್ಳೆಯ ತಿಂಗಳು. ಈಸ್ಟರ್ ರಜೆ ಶುರುವಾಗುವ ಮುಂಚೆ ಹೋದರೆ ಜನಜಂಗುಳಿ ಕಡಿಮೆ. ಬೇಸಿಗೆಗೆ ಹೋಲಿಸಿದರೆ ಹೋಟೆಲಿನ ಬಾಡಿಗೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ಮಗಳ ಮನೆಗೆ ಹೊರಟಿರಲಿ, ಪ್ರವಾಸಕ್ಕೆ ಹೊರಟಿರಲಿ, ಎರಡು ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ: ಬಿಸಿಲನ್ನು ನಂಬಬೇಡಿ, ಗಡಿಬಿಡಿ ಮಾಡಬೇಡಿ. ಮುಂದೆ ನಾನು ಹೇಳುವುದೆಲ್ಲ ಇವೆರಡರೊಳಗೇ ಇದೆ.

ಮೊದಲು ಕಾಗದಪತ್ರ. ಪ್ಯಾರಿಸ್, ರೋಮ್ ನೋಡಲು ಮಾಡಿಸುವ ಷೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ. ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು, ಪ್ರಯಾಣಕ್ಕೆ ಮೂರು ತಿಂಗಳಿದೆ ಎನ್ನುವಾಗಲೇ ಅರ್ಜಿ ಹಾಕಬಹುದು. ಬಾಯಾರಿದಾಗ ಬಾವಿ ತೋಡಿದರು ಎನ್ನುವ ಹಾಗೆ ಟಿಕೆಟ್ಟಿನ ದಿನ ಹತ್ತಿರ ಬಂದ ಮೇಲೆ ಓಡಾಡಬೇಡಿ. ಪ್ರವಾಸದ ವಿಮೆಯನ್ನು ಖಂಡಿತ ಮಾಡಿಸಿ. ಅಲ್ಲಿಯ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚಿಕಿತ್ಸೆಗೆ ದುಡ್ಡು ಕೇಳುವುದಿಲ್ಲ, ಆದರೆ ಒಳಗೆ ದಾಖಲು ಮಾಡಿಕೊಂಡರೆ ಪ್ರವಾಸಿಗಳಿಗೆ ದೊಡ್ಡ ಬಿಲ್ಲೇ ಬರುತ್ತದೆ. ಬಿಪಿ, ಶುಗರ್ ಮಾತ್ರೆಗಳನ್ನು ದೊಡ್ಡ ಸೂಟ್‌ಕೇಸಿಗೆ ತುರುಕಬೇಡಿ. ವೈದ್ಯರ ಚೀಟಿಯ ಜೊತೆಗೆ ಕೈಚೀಲದಲ್ಲೇ ಇರಲಿ.

ಇನ್ನು ತಿಂಡಿಯ ಡಬ್ಬಿಗಳು. ಮಕ್ಕಳಿಗೆಂದು ತುಪ್ಪ, ಧಾರವಾಡ ಪೇಢೆ, ಬೆಳಗಾವಿ ಕುಂದ ಕಟ್ಟುವ ನಿಮ್ಮ ಪ್ರೀತಿ ನನಗೆ ಗೊತ್ತು. ಆದರೆ ನಮ್ಮ ದೇಶದಿಂದ ಹೋಗುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಅಲ್ಲಿಗೆ ಒಯ್ಯುವಂತಿಲ್ಲ. ಕಸ್ಟಮ್ಸ್‌ನವರ ಕಣ್ಣಿಗೆ ಬಿದ್ದರೆ ನೀವು ಕೈಯಾರೆ ಕಾಯಿಸಿದ ತುಪ್ಪ ಕಸದ ಬುಟ್ಟಿಗೆ ಹೋಗುತ್ತದೆ. ಹಸಿ ಕರಿಬೇವಿನ ಕಟ್ಟನ್ನೂ ಇಡಬೇಡಿ. ಚಟ್ನಿಪುಡಿ, ಸಾರಿನಪುಡಿ, ಹುರಿದ ಅವಲಕ್ಕಿ ಸಾಕು. ಹಾಲು, ಮೊಸರು, ತುಪ್ಪ ಎಲ್ಲವೂ ಅಲ್ಲೇ ಸಿಗುತ್ತವೆ.

ಬಟ್ಟೆಯ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದೇ ಇಲ್ಲಿ. ಕಿಟಕಿಯಿಂದ ನೋಡಿದರೆ ಬೆಳ್ಳಗೆ ಬಿಸಿಲು. ಅಷ್ಟನ್ನೇ ನೋಡಿ ತೆಳ್ಳನೆ ಶಾಲು ಹೊದ್ದು ಹೊರಡುತ್ತೀರಿ. ಹತ್ತು ನಿಮಿಷಕ್ಕೆ ಮೋಡ ಮುಚ್ಚುತ್ತದೆ, ಥೇಮ್ಸ್ ನದಿಯ ಮೇಲಿನ ಗಾಳಿ ಕಿವಿಗೆ ನುಗ್ಗುತ್ತದೆ, ಹಿಂದೆಯೇ ತುಂತುರು ಮಳೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಪದರ ಮೇಲು: ಮೈಗಂಟಿದ ಥರ್ಮಲ್, ಅದರ ಮೇಲೆ ಉಣ್ಣೆಯದೊಂದು, ಹೊರಗೆ ಗಾಳಿ–ಮಳೆ ತಡೆಯುವ ಟೋಪಿ ಇರುವ ಕೋಟು. ಕೊಡೆಯನ್ನೇ ನೆಚ್ಚಬೇಡಿ, ಸೇತುವೆಯ ಮೇಲೆ ಅದು ಗಾಳಿಗೆ ತಿರುಗಿ ಮುರಿದುಬಿಡುತ್ತದೆ. ಅಂಗಡಿ, ರೈಲು, ಮ್ಯೂಸಿಯಂಗಳ ಒಳಗೆ ಬೆಚ್ಚಗಿರುತ್ತದೆ. ಒಳಗೆ ಹೋದ ಕೂಡಲೇ ಕೋಟು ಬಿಚ್ಚಿ. ಒಳಗೆ ಬೆವತು ಹಾಗೆಯೇ ಹೊರಗೆ ಬಂದರೆ ಮೈ ನಡುಗುವುದು ಗ್ಯಾರಂಟಿ.

ಸೀರೆ ಉಡುವವರು ಉಟ್ಟೇ ಹೋಗಿ, ಸಂಕೋಚ ಬೇಡ. ಲಂಗದೊಳಗೆ ಬೆಚ್ಚನೆಯ ಲೆಗ್ಗಿಂಗ್ಸ್ ಹಾಕಿ, ಒದ್ದೆ ಫುಟ್‌ಪಾತಿನಲ್ಲಿ ಅಂಚು ನೆನೆಯದಂತೆ ನೆರಿಗೆ ಸ್ವಲ್ಪ ಮೇಲಕ್ಕಿರಲಿ. ಆದರೆ ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಅಭ್ಯಾಸ ಬಿಡಿ, ನೀರು ಒಳಗೆ ಇಳಿಯುತ್ತದೆ. ಬೂಟನ್ನು ಹೊರಡುವ ಹಿಂದಿನ ದಿನ ಕೊಳ್ಳಬೇಡಿ. ಎರಡು ವಾರ ಮುಂಚೆ ಕೊಂಡು ಮನೆಯ ಸುತ್ತ ನಡೆದು ಪಳಗಿಸಿ. ಕೊಬ್ಬರಿ ಎಣ್ಣೆ ಆ ಚಳಿಗೆ ಬಾಟಲಿಯೊಳಗೆ ಗಟ್ಟಿಯಾಗುತ್ತದೆ, ಆದ್ದರಿಂದ ಅಗಲ ಬಾಯಿಯ ಡಬ್ಬಿಗೆ ಹಾಕಿಕೊಳ್ಳಿ. ತುಟಿ, ಹಿಮ್ಮಡಿ ಒಡೆಯದಂತೆ ದಿನವೂ ಹಚ್ಚಿ.

ಗಡಿಯಾರದ ಕಡೆಗೂ ಗಮನ ಕೊಡಿ. ಮಾರ್ಚ್ ಮೊದಲ ವಾರದಲ್ಲಿ ಲಂಡನ್ನಿನ ಹಗಲು ಸುಮಾರು 11 ಗಂಟೆಯಷ್ಟು, ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ತಿಂಗಳ ಕೊನೆಗೆ ಹಗಲು 13 ಗಂಟೆಯ ಹತ್ತಿರ ಬೆಳೆದಿರುತ್ತದೆ. ಹತ್ತು ಗಂಟೆಗೆ ಎದ್ದು, ಹನ್ನೆರಡಕ್ಕೆ ಹೊರಟರೆ ಏನು ನೋಡುತ್ತೀರಿ? ಪಾರ್ಕು, ಸೇತುವೆ, ನದಿದಂಡೆ ಎಲ್ಲ ಬೆಳಕಿರುವಾಗ ಮುಗಿಸಿ, ಮ್ಯೂಸಿಯಂ ಮಳೆಯ ಹೊತ್ತಿಗೆ ಇರಲಿ. ಮಾರ್ಚ್ ತಿಂಗಳ ಕೊನೆಯ ಭಾನುವಾರ, ಅಂದರೆ ಶನಿವಾರ ರಾತ್ರಿ ಕಳೆದು ನಸುಕಿನ ಒಂದು ಗಂಟೆಗೆ, ಅಲ್ಲಿಯ ಗಡಿಯಾರಗಳು ಎರಡಕ್ಕೆ ಜಿಗಿಯುತ್ತವೆ. ಮೊಬೈಲು ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ. ಆ ದಿನ ರೈಲೋ ವಿಮಾನವೋ ಇದ್ದರೆ ಮರೆಯಬೇಡಿ. ಅಲ್ಲಿಯವರೆಗೆ ನಮಗೂ ಅವರಿಗೂ ಐದೂವರೆ ಗಂಟೆ ಅಂತರ, ಆಮೇಲೆ ನಾಲ್ಕೂವರೆ. ಅಲ್ಲಿ ರಾತ್ರಿ ಊಟ ಮುಗಿಸಿ ಊರಿಗೆ ಫೋನು ಹಚ್ಚಿದರೆ ಇಲ್ಲಿ ನಡುರಾತ್ರಿ ಕಳೆದಿರುತ್ತದೆ. ಮಧ್ಯಾಹ್ನವೇ ಮಾತಾಡಿಬಿಡಿ.

ಓಡಾಟಕ್ಕೆ ಕಾರು ಬೇಡ. 1863ರಲ್ಲಿ ಶುರುವಾದ ನೆಲದಡಿಯ ರೈಲು ಇದೆ, ಅದನ್ನು ಅಲ್ಲಿ ಟ್ಯೂಬ್ ಎನ್ನುತ್ತಾರೆ. ಕೆಂಪು ಡಬಲ್ ಡೆಕ್ಕರ್ ಬಸ್ಸುಗಳಿವೆ. ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಚಿಲ್ಲರೆ ಹಿಡಿದು ಡ್ರೈವರ್ ಮುಂದೆ ನಿಲ್ಲಬೇಡಿ. ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿದರೆ ಆಯಿತು. ಹೊರಡುವ ಮುಂಚೆ ಆ ಕಾರ್ಡಿನಲ್ಲಿ ವಿದೇಶದ ಬಳಕೆಯನ್ನು ತೆರೆದುಕೊಳ್ಳಿ, ಶುಲ್ಕ ಎಷ್ಟು ಎಂದು ಬ್ಯಾಂಕಿನಲ್ಲಿ ಕೇಳಿ. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗುವ ಉಪಾಯ ನಡೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಬೇಕು. ಟ್ಯೂಬಿನಲ್ಲಿ ಹತ್ತುವಾಗ ಮುಟ್ಟಿಸಿದ ಕಾರ್ಡನ್ನೇ ಇಳಿಯುವಾಗಲೂ ಮುಟ್ಟಿಸಿ. ಒಮ್ಮೆ ಕಾರ್ಡು, ಒಮ್ಮೆ ಮೊಬೈಲು ಮಾಡಿದರೆ ದುಡ್ಡು ಜಾಸ್ತಿ ಹೋಗುತ್ತದೆ. ಬಸ್ಸಿಗೆ ಹತ್ತುವಾಗ ಮಾತ್ರ ಸಾಕು, ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಚಾರ್ಜು. ಮೊಣಕಾಲು ನೋವಿನವರು ಟ್ಯೂಬ್ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ನಿಲ್ದಾಣ ನೋಡಿಕೊಳ್ಳಿ. ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲದ್ದು ಬಹಳ. 2022ರಲ್ಲಿ ಶುರುವಾದ ಎಲಿಜಬೆತ್ ಲೈನಿನಲ್ಲಿ ಆ ಕಷ್ಟವಿಲ್ಲ, ಹೀಥ್ರೂ ವಿಮಾನ ನಿಲ್ದಾಣದಿಂದ ಊರ ನಡುವಿಗೆ ಅದರಲ್ಲೇ ಬನ್ನಿ.

ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಭಾಗ ಅವಸರದಲ್ಲಿರುವವರಿಗೆ. ಇಬ್ಬರು ಅಕ್ಕಪಕ್ಕ ನಿಂತು ಮಾತಾಡುತ್ತಾ ಹೋಗಬೇಡಿ. ಸರತಿಯಲ್ಲಿ ನುಗ್ಗಬೇಡಿ, ಎಷ್ಟು ಉದ್ದವಿದ್ದರೂ ನಿಲ್ಲಿ. ರೈಲಿನಲ್ಲಿ ಮೊಮ್ಮಗುವಿನ ವಿಡಿಯೋ ಕಾಲನ್ನು ಸ್ಪೀಕರಿಗೆ ಹಾಕಿ ಇಡೀ ಡಬ್ಬಿಗೆ ಕೇಳಿಸಬೇಡಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಮೆಲ್ಲಗೆ ಒಂದು ‘ಸಾರಿ’, ಒಂದು ‘ಥ್ಯಾಂಕ್ಯೂ’ ಅಲ್ಲಿ ಎಲ್ಲ ಬಾಗಿಲನ್ನೂ ತೆರೆಯುತ್ತದೆ. ರಸ್ತೆಯಂಚಿನಲ್ಲಿ ನಿಂತು ಮೊಬೈಲಿನಲ್ಲಿ ದಾರಿ ಹುಡುಕಬೇಡಿ, ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ಗೋಡೆಯ ಕಡೆಗೆ ಸರಿದು ನೋಡಿ. ತುರ್ತಿಗೆ 999 ಒತ್ತಿ.

ಇಳಿದುಕೊಂಡ ಮನೆಯಲ್ಲೂ ಜೋಪಾನ. ಬಚ್ಚಲಿನ ನೆಲಕ್ಕೆ ನೀರು ಹೋಗುವ ತೂಬು ಇರುವುದು ಅಪರೂಪ. ನಮ್ಮಂತೆ ಚೊಂಬಿನಲ್ಲಿ ಸುರಿದುಕೊಂಡರೆ ಕೆಳಗಿನ ಮನೆಯ ಚಾವಣಿ ಸೋರುತ್ತದೆ. ಪರದೆಯನ್ನು ತೊಟ್ಟಿಯ ಒಳಕ್ಕೆ ಬಿಟ್ಟುಕೊಂಡು ಸ್ನಾನ ಮಾಡಿ. ಊದುಬತ್ತಿಯ ಹೊಗೆಗೂ ಒಣಮೆಣಸಿನಕಾಯಿ ಒಗ್ಗರಣೆಗೂ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ. ನನ್ನ ಪರಿಚಯದ ದಂಪತಿ ಹೋಟೆಲ್ ಕೋಣೆಯಲ್ಲಿ ಶುಕ್ರವಾರದ ಪೂಜೆಗೆಂದು ಎರಡು ಊದುಬತ್ತಿ ಹಚ್ಚಿ, ಇಡೀ ಮಹಡಿಯ ಜನರ ಜೊತೆ ಚಳಿಯಲ್ಲಿ ಬೀದಿಗೆ ಇಳಿದು ನಿಂತರು. ದೇವರಿಗೆ ಅಲ್ಲಿ ಕೈಮುಗಿದರೆ ಸಾಕು.

ಈಗ ನೋಡುವುದರ ಮಾತು. ಹೂವಿನಿಂದಲೇ ಶುರು ಮಾಡಿ. ಮೊದಲು ನೆಲಕ್ಕಂಟಿದಂತೆ ಕ್ರೋಕಸ್ ಅರಳುತ್ತದೆ, ಮಾರ್ಚ್ ನಡುವಿಗೆ ಹಳದಿ ಡ್ಯಾಫೊಡಿಲ್ ಹಾಸು ಹಾಸಾಗಿ ನಿಲ್ಲುತ್ತದೆ, ಎಲೆಯಿನ್ನೂ ಬಾರದ ಮ್ಯಾಗ್ನೋಲಿಯಾ ಕೊಂಬೆಗಳಲ್ಲಿ ಹೂ ತುಂಬುತ್ತದೆ, ತಿಂಗಳ ಕೊನೆಗೆ ಚೆರಿ ಬಿಡತೊಡಗುತ್ತದೆ. ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಹೂವಿನ ಜೊತೆ ಹೆಜ್ಜಾರ್ಲೆಗಳನ್ನೂ ನೋಡುತ್ತೀರಿ. 1664ರಲ್ಲಿ ರಷ್ಯದ ರಾಯಭಾರಿ ಕೊಟ್ಟ ಕಾಣಿಕೆಯಿಂದ ಅವು ಅಲ್ಲಿ ಶುರುವಾದವು. ಅವಕ್ಕೆ ಬ್ರೆಡ್ಡು ಹಾಕಬೇಡಿ. ದೇವರಿಗೆ ಎರಡೇ ಎರಡು ಹೂ ಎಂದು ಕೀಳಬೇಡಿ, ಫೋಟೋಗೆಂದು ಹೂಗಳ ನಡುವೆ ಕಾಲಿಡಬೇಡಿ. ಗಡ್ಡೆ ತುಳಿದರೆ ಮುಂದಿನ ವರ್ಷದ ಹೂವೂ ಹೋಯಿತು. ಸಮಯವಿದ್ದರೆ ಕ್ಯೂ ಗಾರ್ಡನ್ಸ್‌ಗೆ ಹೋಗಿ. ನಮ್ಮ ಲಾಲ್‌ಬಾಗನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರು ಭಾರತಕ್ಕೆ ಬರುವ ಮುಂಚೆ ಕೆಲಸ ಮಾಡಿದ ತೋಟ ಅದು.

ಸೇಂಟ್ ಜೇಮ್ಸ್ ಪಾರ್ಕಿನಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ನದಿಯ ಆ ದಂಡೆಯಲ್ಲಿ ಲ್ಯಾಂಬೆತ್ ಸೇತುವೆಯ ಕಡೆಗೆ ನಡೆಯಿರಿ. ಅದರಾಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರಿದ್ದಾರೆ, ನದಿಯಾಚೆ ಬ್ರಿಟನ್ನಿನ ಪಾರ್ಲಿಮೆಂಟು. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಮುತುವರ್ಜಿಯಿಂದ ಆದ ಪ್ರತಿಮೆ ಇದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಅನುಭವ ಮಂಟಪ ಕಟ್ಟಿದವರು ಪಾರ್ಲಿಮೆಂಟಿನ ಎದುರು ಇರುವುದು ಎಷ್ಟು ಸರಿಯಾದ ಜಾಗ ಎಂದು ಮಕ್ಕಳಿಗೆ ಹೇಳಿ. ಸೆಲ್ಫಿ ಹೊಡೆದು ಓಡಿಬರಬೇಡಿ.

ಮಳೆ ಬಂದ ದಿನ ಸೌತ್ ಕೆನ್ಸಿಂಗ್ಟನ್ನಿಗೆ ಹೋಗಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಿಂದ ಬ್ರಿಟಿಷರು ಒಯ್ದ ಮರದ ಹುಲಿ ಅಲ್ಲಿದೆ. ಬಿಳಿಯ ಸೈನಿಕನ ಮೇಲೆ ಎರಗಿದ ಆ ಹುಲಿಯ ಹೊಟ್ಟೆಯೊಳಗೆ ಸದ್ದು ಮಾಡುವ ಆರ್ಗನ್ ಇದೆ. ಬ್ರಿಟಿಷ್ ಮ್ಯೂಸಿಯಂ ಕೂಡ ಉಚಿತ, ಅಲ್ಲಿ ಅಮರಾವತಿಯ ಶಿಲ್ಪಗಳನ್ನು ತಪ್ಪಿಸಬೇಡಿ. ಇವೆರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ. ದಿನಕ್ಕೆ ಒಂದು ಬಡಾವಣೆ ಸಾಕು.

ಊಟಕ್ಕೆ ಹೆದರಬೇಡಿ. ಸಸ್ಯಾಹಾರದ ಗುರುತು ಬಹಳಷ್ಟು ಪೊಟ್ಟಣಗಳ ಮೇಲೆ ಇರುತ್ತದೆ, ಆದರೆ ಮೊಟ್ಟೆ ಅವರಿಗೆ ಸಸ್ಯಾಹಾರವೇ, ಕೇಳಿ ತಿನ್ನಿ. ಯೂಸ್ಟನ್ ಹತ್ತಿರದ ಡ್ರಮಂಡ್ ಸ್ಟ್ರೀಟಿನಲ್ಲಿ, ಈಸ್ಟ್ ಹ್ಯಾಮಿನಲ್ಲಿ ದೋಸೆ ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಆರೇ ಗಂಟೆ ತೆರೆದಿರುತ್ತವೆ, ಶನಿವಾರವೇ ಹಾಲು, ಮೊಸರು ತಂದಿಡಿ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿಗೆ ಪೌಂಡು ಸುರಿಯಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ: ಪ್ರತಿಯೊಂದಕ್ಕೂ ಪೌಂಡನ್ನು ರೂಪಾಯಿಗೆ ಗುಣಿಸಿ ಸಂಕಟಪಡುವುದೂ ಬೇಡ, ಲೆಕ್ಕವಿಲ್ಲದೆ ಖರ್ಚು ಮಾಡುವುದೂ ಬೇಡ. ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಮತ್ತೆ ಟಿಪ್ಸ್ ಕೊಡಬೇಕಿಲ್ಲ.

ಕೊನೆಯ ದಿನವನ್ನು ಪೂರ್ತಿ ಅಂಗಡಿಗಳಿಗೆ ಕೊಟ್ಟುಬಿಡಬೇಡಿ. ಒಂದು ಗಂಟೆ ಉಳಿಸಿಕೊಂಡು, ಮೊದಲ ದಿನ ನೋಡಿದ ಪಾರ್ಕಿಗೇ ಮತ್ತೆ ಹೋಗಿ, ಅದೇ ಮರದ ಕೆಳಗೆ ಕೂತುಕೊಳ್ಳಿ. ಬಂದಾಗ ಬರೀ ಮೊಗ್ಗಿದ್ದ ಕೊಂಬೆಯಲ್ಲಿ ವಾರದೊಳಗೆ ನಾಲ್ಕು ಹೂ ಬಿಟ್ಟಿರುತ್ತವೆ. ಅಲ್ಲಿಯ ವಸಂತ ಬರುವುದು ಹಾಗೆ, ದಿನಕ್ಕಿಷ್ಟು ದಿನಕ್ಕಿಷ್ಟು. ನೀವೂ ಹಾಗೆಯೇ ನಿಧಾನವಾಗಿ ನೋಡಿ. ಆ ಒಂದು ಗಂಟೆ ಕೂರುವಾಗಲೂ ಕೋಟು ಮೈಮೇಲಿರಲಿ. ಹೋಗಿ ಬನ್ನಿ.