ಸುಳಿಯಲ್ಲಿ ನೀರು ನಿಲ್ಲಬಾರದು

ವ್ಯಾಂಕೂವರಿನ ಇಂಗ್ಲಿಷ್ ಬೇ ತೀರದಲ್ಲಿ, ಮರಳಿಗೂ ರಸ್ತೆಗೂ ನಡುವೆ ತಾಳೆಮರಗಳು ನಿಂತಿವೆ. ಎದುರಿನ ಬೆಟ್ಟಗಳ ನೆತ್ತಿಯಲ್ಲಿ ಹಿಮ, ಇಲ್ಲಿ ಬೀಸಣಿಗೆಯಂಥ ಗರಿಗಳು. ಅಡಿಕೆ ತೋಟ, ತೆಂಗಿನ ಸಾಲು ನೋಡಿ ಬೆಳೆದವರಿಗೆ ಈ ನೋಟ ಕಂಡರೆ ಮನಸ್ಸು ತಡೆಯುವುದಿಲ್ಲ, ನಮ್ಮ ಮನೆಯ ಅಂಗಳದಲ್ಲೂ ಒಂದು ಇರಲಿ ಅನ್ನಿಸುತ್ತದೆ. ಆಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಇದು ಎಷ್ಟು ಮೈನಸ್ ತಡೆಯುತ್ತದೆ?’ ಎಂಬುದು. ನರ್ಸರಿಯ ಚೀಟಿಯ ಮೇಲೂ ಅದಕ್ಕೆ ಉತ್ತರವಾಗಿ ಒಂದು ಅಂಕಿ ಅಚ್ಚಾಗಿರುತ್ತದೆ. ನಾನೂ ಬಹುಕಾಲ ಆ ಅಂಕಿಯನ್ನೇ ನಂಬಿದ್ದೆ. ಚಳಿಯ ನಾಡಿನಲ್ಲಿ ತಾಳೆ ಬೆಳೆಸಿ ನಾನು ಕಲಿತದ್ದು ಏನೆಂದರೆ, ಈ ಕರಾವಳಿಯಂಥ ತಂಪು ಮತ್ತು ತೇವದ ಊರುಗಳಲ್ಲಿ ತಾಳೆಯನ್ನು ಕೊಲ್ಲುವುದು ಬಹುಪಾಲು ಚಳಿಗಾಲದ ನೀರು. ಚಳಿ ಆ ನೀರಿಗೆ ದಾರಿ ಮಾಡಿಕೊಡುತ್ತದೆ. ಥರ್ಮಾಮೀಟರ್ ನೋಡುವ ಮುಂಚೆ ಗಿಡದ ಸುಳಿ ನೋಡಬೇಕು.

ಮೊದಲಿಗೆ ಈ ಮರ ಇಲ್ಲಿಗೆ ಹೇಗೆ ಒಗ್ಗಿತು ಎನ್ನುವುದನ್ನು ತಿಳಿಯೋಣ. ಇಲ್ಲಿನವರು ವಿಂಡ್‌ಮಿಲ್ ಪಾಮ್ ಎನ್ನುವ ಈ ಮರದ ಶಾಸ್ತ್ರೀಯ ಹೆಸರು ಟ್ರಾಕಿಕಾರ್ಪಸ್ ಫಾರ್ಚುನಿ. ಚೀನಾದಿಂದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ ಸ್ಕಾಟ್‌ಲೆಂಡಿನ ರಾಬರ್ಟ್ ಫಾರ್ಚೂನ್ 1849ರಲ್ಲಿ ಇದರ ಸಸಿಗಳನ್ನು ಇಂಗ್ಲೆಂಡಿಗೆ ಕಳಿಸಿದ. ಹೆಸರು ಅವನದು, ಊರು ಚೀನಾದ ಬೆಟ್ಟಸೀಮೆ. ಇದರ ಬಳಗದವರು ನಮ್ಮ ದೇಶದಲ್ಲೂ ಇದ್ದಾರೆ: ಉತ್ತರಾಖಂಡದ ಪಿಥೋರಾಗಢದ ಬಳಿಯ ಥಾಲ್ ಕೇದಾರ್ ಬೆಟ್ಟದಲ್ಲಿ, ಹಿಮ ಬೀಳುವ ಎತ್ತರದಲ್ಲಿ ಟ್ರಾಕಿಕಾರ್ಪಸ್ ತಾಕಿಲ್ ಬೆಳೆಯುತ್ತದೆ, ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಮಾರ್ಟಿಯಾನಸ್ ಇದೆ. ಹಾಗಾಗಿ ತಾಳೆ ಎಂದರೆ ಸೆಕೆಯ ನಾಡಿನದೇ ಎಂಬ ಮಾತು ಪೂರ್ತಿ ನಿಜವಲ್ಲ. ಇನ್ನು ಅಕ್ಷಾಂಶದ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ವ್ಯಾಂಕೂವರ್ ಮತ್ತು ವಿನಿಪೆಗ್ ಎರಡೂ ಹೆಚ್ಚುಕಡಿಮೆ 49-50 ಡಿಗ್ರಿ ಉತ್ತರದಲ್ಲಿವೆ. ಒಂದರಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಮೇಲೆ, ಇನ್ನೊಂದರಲ್ಲಿ ಮೈನಸ್ 16ರ ಆಸುಪಾಸು. ನಡುವಿನ ಅಂತರ ಬಹುಪಾಲು ಪೆಸಿಫಿಕ್ ಸಾಗರದ ಕೊಡುಗೆ. ಆದರೆ ಚಳಿಯನ್ನು ಕಡಿಮೆ ಮಾಡಿದ ಅದೇ ಸಾಗರ ಮಳೆಯನ್ನೂ ತರುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಬೆಂಗಳೂರಿನದಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಅದರ ದೊಡ್ಡ ಪಾಲು ಅಕ್ಟೋಬರಿನಿಂದ ಮಾರ್ಚಿನವರೆಗೆ, ಗಿಡ ಬೆಳವಣಿಗೆ ನಿಲ್ಲಿಸಿ ಮಲಗಿರುವಾಗ, ದಿನಗಟ್ಟಲೆ ಜಿನುಗುತ್ತಲೇ ಇರುತ್ತದೆ.

ಆ ನೀರು ಏಕೆ ಅಪಾಯ ಎನ್ನುವುದು ತಾಳೆಯ ಮೈಕಟ್ಟು ನೋಡಿದರೆ ತಿಳಿಯುತ್ತದೆ. ಮಾವಿನ ಕೊಂಬೆ ಮುರಿದರೆ ಪಕ್ಕದಲ್ಲಿ ಚಿಗುರು ಒಡೆಯುತ್ತದೆ. ತಾಳೆಗೆ ಆ ಅವಕಾಶವಿಲ್ಲ. ಕಾಂಡದ ತುದಿಯಲ್ಲಿ ಗರಿಗಳ ಬುಡಗಳ ನಡುವೆ ಹುದುಗಿರುವ ಒಂದೇ ಒಂದು ಮೊಳಕೆಯಿಂದ ಇಡೀ ಮರ ಬೆಳೆಯಬೇಕು. ಕಾಂಡದ ಒಳಗಿನ ನಾಳಗಳನ್ನೂ ಅದು ಹೊಸದಾಗಿ ಕಟ್ಟಿಕೊಳ್ಳಲಾರದು, ಒಮ್ಮೆ ಆದ ಗಾಯ ಕೊನೆಯವರೆಗೂ ಉಳಿಯುತ್ತದೆ. ಚಳಿಗಾಲದಲ್ಲಿ ಗಿಡದ ನೆತ್ತಿಯ ಹತ್ತಿರ ಕಣ್ಣು ಒಯ್ದು ನೋಡಿ. ಇನ್ನೂ ಬಿಚ್ಚದ ಎಳೆಗರಿ, ಅಂದರೆ ಸುಳಿ, ಮಡಿಸಿದ ಛತ್ರಿಯಂತೆ ನೆಟ್ಟಗೆ ನಿಂತಿರುತ್ತದೆ. ಅದರ ಬುಡ ತಿಳಿಹಸಿರು, ಇನ್ನೂ ಒಳಕ್ಕೆ ಬೆಣ್ಣೆಯಂತೆ ಬಿಳಿ. ಸುತ್ತಲೂ ಕಂದು ನಾರಿನ ಬಟ್ಟಲು. ಮಳೆ ಬಂದಾಗ ನೀರು ಆ ಮಡಿಕೆಗಳ ಗುಂಟ ಇಳಿದು ಬಟ್ಟಲಲ್ಲಿ ನಿಲ್ಲುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಮರುದಿನ ಕರಗುತ್ತದೆ. ಹೀಗೆ ನಾಲ್ಕಾರು ಸಲ ಆದರೆ ಎಳೆಯ ಜೀವಕೋಶಗಳು ಒಡೆಯುತ್ತವೆ. ಒಡೆದ ಕಡೆ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರುತ್ತವೆ. ಫೆಬ್ರವರಿಯಲ್ಲಿ ಗರಿಗಳೆಲ್ಲ ಹಸಿರಾಗಿಯೇ ಇರುತ್ತವೆ, ಸುಳಿಯನ್ನು ಹಿಡಿದು ಮೆಲ್ಲಗೆ ಎಳೆದರೆ ಮಾತ್ರ ಅದು ಕೈಯಲ್ಲೇ ಬರುತ್ತದೆ. ತುದಿ ಕಂದಾಗಿ ನಾರುತ್ತಿರುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಳಿಕೊಳೆ ಅವನಿಗೆ ಗೊತ್ತು, ಕೊಳೆರೋಗ ಅದಕ್ಕಿಂತ ಚೆನ್ನಾಗಿ ಗೊತ್ತು. ಅಲ್ಲಿ ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯೇ ಇಲ್ಲಿನ ಪ್ರತಿ ಕೊಳೆತಕ್ಕೂ ಕಾರಣ ಎಂದು ನಾನು ಹೇಳುತ್ತಿಲ್ಲ. ಬಿಡದೆ ನಿಂತ ತೇವ ಮತ್ತು ತಂಪು ಸೇರಿದರೆ ಕೊಳೆ ಬರುತ್ತದೆ ಎಂಬ ಸೂತ್ರ ಎರಡೂ ಕಡೆ ಒಂದೇ. ಹಾಗಾಗಿ ಉಪಾಯವೂ ಒಂದೇ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಾರಲ್ಲ, ಅದು ಚಳಿಗೆ ಹೊದಿಸಿದ ಕಂಬಳಿಯಲ್ಲ. ಮೇಲಿನಿಂದ ನೀರು ತಾಗಬಾರದು, ಕೆಳಗಿನಿಂದ ಗಾಳಿ ಆಡುತ್ತಿರಬೇಕು, ಅದಕ್ಕೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯ ಅಡಿಕೆ ತೋಟಗಳಿಗೆ ತಂದು, ಕೊಳೆರೋಗದ ಮೇಲೆ 1910ರಲ್ಲಿ ವಿವರವಾದ ವರದಿ ಬರೆದವರು ಲೆಸ್ಲಿ ಕೋಲ್ಮನ್. ಅವರು ಹುಟ್ಟಿದ್ದು ಇದೇ ಕೆನಡಾದಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಆ ಮನುಷ್ಯ ಬರೆದಿಟ್ಟ ತಿಳಿವು ಅವರ ಸ್ವಂತ ದೇಶದ ಅಂಗಳದ ತಾಳೆಗೂ ಹೊಂದುತ್ತದೆ ಎನ್ನುವುದು ನನಗೆ ತುಂಬಾ ಸಂತೋಷ ಕೊಡುವ ಸಂಗತಿ.

ತಾಳೆಯನ್ನು ಕೊಲ್ಲುವುದು ನೀರು ಎಂಬ ಈ ಮಾತಿಗೆ ಮೊದಲ ಆಕ್ಷೇಪ ನೇರವಾದದ್ದು: ಚಳಿ ಕೊಲ್ಲುವುದೇ ಇಲ್ಲವೇ? ಕೊಲ್ಲುತ್ತದೆ. 2010ರ ಡಿಸೆಂಬರಿನಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಉಷ್ಣತೆ ಮೈನಸ್ 17.5ಕ್ಕೆ ಇಳಿಯಿತು. ಆ ಚಳಿಗಾಲದಲ್ಲಿ ಅಲ್ಲಿನ ಜನ ತಾಳೆ ಎಂದೇ ಕರೆಯುತ್ತಿದ್ದ ಕಾರ್ಡಿಲೈನ್ ಗಿಡಗಳು ಊರೂರುಗಳಲ್ಲಿ ಸತ್ತುಹೋದವು. ಅವು ನ್ಯೂಜಿಲೆಂಡಿನವು, ತಾಳೆಯ ಕುಟುಂಬಕ್ಕೇ ಸೇರಿದವಲ್ಲ. ಬ್ರಿಟನ್ನಿನ ನೈರುತ್ಯದ ಸಿಲ್ಲಿ ದ್ವೀಪಗಳಲ್ಲಿ, ಹಿಮವೇ ಅಪರೂಪವಾದ ಟ್ರೆಸ್ಕೊ ತೋಟ 1987ರ ಜನವರಿಯ ಹಿಮಕ್ಕೆ ನೆಲಕಚ್ಚಿತ್ತು. ಪ್ರತಿ ಜಾತಿಗೂ ಒಂದು ಮಿತಿ ಇದೆ. ವಿಂಡ್‌ಮಿಲ್ ತಾಳೆಯ ಗರಿ ಮೈನಸ್ 12ರಿಂದ 15ರ ಸುಮಾರಿಗೆ ಸುಡುತ್ತದೆ. ಕ್ಯಾನರಿ ದ್ವೀಪದ ಖರ್ಜೂರದ ಜಾತಿಗೆ ಅಷ್ಟೂ ತಾಕತ್ತಿಲ್ಲ. ತೆಂಗು, ಅಡಿಕೆಗಳ ಮಾತು ಇಲ್ಲಿ ಎತ್ತಲೇಬಾರದು, ಹೆಪ್ಪುಗಟ್ಟುವುದಕ್ಕೆ ಎಷ್ಟೋ ಮೊದಲೇ ಅವು ಸೊರಗುತ್ತವೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಅಂಕಿಯ ಮೇಲೆ ನನಗಿರುವ ಅನುಮಾನ ಹೋಗಿಲ್ಲ, ಏಕೆಂದರೆ ಅಂಕಿಯಲ್ಲಿ ಎಲ್ಲರನ್ನೂ ಮೀರಿಸುವ ತಾಳೆ ಬೇರೆ ಇದೆ. ಅಮೆರಿಕದ ಆಗ್ನೇಯ ರಾಜ್ಯಗಳ ಸೂಜಿ ತಾಳೆ ಮೈನಸ್ 20ನ್ನೂ ತಾಳಿಕೊಳ್ಳುತ್ತದೆ. ಆದರೆ ಅದು ಬೆಳೆಯಲು ಜಾರ್ಜಿಯಾ, ಫ್ಲೋರಿಡಾಗಳ ಬೆವರಿಳಿಸುವ ಬೇಸಿಗೆ ಬೇಕು. ರಾತ್ರಿ ತಣ್ಣಗಿರುವ ಇಲ್ಲಿನ ಬೇಸಿಗೆಯಲ್ಲಿ ಅದು ವರ್ಷಕ್ಕೆ ಒಂದೆರಡು ಗರಿ ಬಿಟ್ಟು ಸುಮ್ಮನಾಗುತ್ತದೆ, ಚಳಿಗಾಲದಲ್ಲಿ ಆದ ಪೆಟ್ಟನ್ನು ಮುಂದಿನ ಬೇಸಿಗೆಯಲ್ಲಿ ತುಂಬಿಕೊಳ್ಳಲಾರದು. ಅಂಕಿಯಲ್ಲಿ ಹಿಂದಿರುವ ವಿಂಡ್‌ಮಿಲ್ ತಾಳೆ ಮಾತ್ರ ತಂಪು ಬೇಸಿಗೆಯಲ್ಲೂ ಸುಳಿಯ ಮೇಲೆ ಸುಳಿ ತೆಗೆಯುತ್ತದೆ. ಚಳಿಗಾಲದಲ್ಲಿ ಕಳೆದದ್ದನ್ನು ಬೇಸಿಗೆಯಲ್ಲಿ ಮರಳಿ ಗಳಿಸುವ ಈ ಗುಣ ಯಾವ ಚೀಟಿಯ ಮೇಲೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಈ ಮರ ಬಂದದ್ದೇ ಮಳೆಯ ನಾಡಿನಿಂದ. ಹಾಗಿದ್ದ ಮೇಲೆ ನೀರಿಗೆ ಏಕೆ ಅಂಜಬೇಕು? ಉತ್ತರ ಮಳೆಯ ಪ್ರಮಾಣದಲ್ಲಿಲ್ಲ, ಅದು ಬರುವ ಕಾಲದಲ್ಲಿದೆ. ಅದರ ತವರಿನಲ್ಲಿ ದೊಡ್ಡ ಮಳೆ ಬರುವುದು ಬೇಸಿಗೆಯಲ್ಲಿ, ಬೇರು ಸುಳಿ ಎರಡೂ ಚುರುಕಾಗಿರುವಾಗ. ಚಳಿಗಾಲ ಹೋಲಿಕೆಯಲ್ಲಿ ಒಣ. ಹಾಗೆಂದು ಚಳಿಗಾಲದ ಮಳೆಯೊಂದೇ ಕೊಲ್ಲುತ್ತದೆ ಎಂದೂ ಹೇಳಲಾಗದು. ಮೆಡಿಟರೇನಿಯನ್ ಕರಾವಳಿಯ ಕುಳ್ಳ ತಾಳೆ ಚಾಮೆರಾಪ್ಸ್‌ಗೆ ಮಳೆ ಬರುವುದೇ ಚಳಿಗಾಲದಲ್ಲಿ, ಅದು ಸುಖವಾಗಿದೆ, ಏಕೆಂದರೆ ಅಲ್ಲಿ ನೀರು ಹೆಪ್ಪುಗಟ್ಟುವುದು ಅಪರೂಪ. ತೇವ ಮತ್ತು ಹೆಪ್ಪುಗಟ್ಟುವಿಕೆ ಒಂದೇ ವಾರದಲ್ಲಿ ಒಟ್ಟಿಗೆ ಬರುವುದು ಉತ್ತರದ ಕರಾವಳಿಗಳ ಲಕ್ಷಣ. ಇಲ್ಲಂತೂ ಹತ್ತು ದಿನ ಮಳೆ ಸುರಿದು, ಫ್ರೇಸರ್ ಕಣಿವೆಯಿಂದ ಒಳನಾಡಿನ ಶೀತಗಾಳಿ ಇದ್ದಕ್ಕಿದ್ದಂತೆ ನುಗ್ಗಿದಾಗ, ತುಂಬಿದ ಬಟ್ಟಲು ಹಾಗೇ ಮಂಜುಗಡ್ಡೆಯಾಗುತ್ತದೆ. ಸುಳಿಯಲ್ಲಿ ನೀರು ನಿಲ್ಲದ ತಾಳೆ ಅದೇ ರಾತ್ರಿಯನ್ನು ದಾಟಿಬಿಡುತ್ತದೆ.

ಇದನ್ನು ಒಪ್ಪಿದರೆ ಮಾಡಬೇಕಾದ ಕೆಲಸದ ರೂಪವೇ ಬದಲಾಗುತ್ತದೆ. ಇಡೀ ಗಿಡವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದು ನಾಲ್ಕು ತಿಂಗಳು ಹಾಗೇ ಬಿಡುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಬಿಸಿಲು ಬಿದ್ದ ದಿನ ಒಳಗೆ ಆವಿ ಏಳುತ್ತದೆ, ನೀರಾಗಿ ಇಳಿದು ಸುಳಿಯನ್ನೇ ಸೇರುತ್ತದೆ. ಮಳೆ ಮಾಡಬೇಕಾದ ಕೇಡನ್ನು ಹೊದಿಕೆಯೇ ಮಾಡುತ್ತದೆ. ನವೆಂಬರಿನಿಂದ ಸುಳಿಯ ಮೇಲೆ ಒಂದು ಸಣ್ಣ ಸೂರು, ಬದಿಗಳೆಲ್ಲ ತೆರೆದು, ಇದ್ದರೆ ಸಾಕು. ಮೈನಸ್ 8-10ರ ಮುನ್ಸೂಚನೆ ಇದ್ದಾಗ ಮಾತ್ರ ಗಾಳಿಯಾಡುವ ಬಟ್ಟೆ ಸುತ್ತಿ, ಚಳಿ ಮುರಿದ ಮರುದಿನ ಬಿಚ್ಚಿಬಿಡಬೇಕು. ಕೆಲವರು ದೀಪದ ಸರ ಸುತ್ತುತ್ತಾರೆ. ಹಳೆಯ ತಂತಿ ಬಲ್ಬಿನ ಸರವಾದರೆ ನಿಜಕ್ಕೂ ಕಾವು ಕೊಡುತ್ತದೆ, ಎಲ್‌ಇಡಿ ಸರದಿಂದ ಬೆಳಕು ಬಂದೀತು, ಕಾವು ಬಾರದು. ಕಾಂಡದ ಸುತ್ತಲಿನ ನಾರನ್ನು ಅಂದಕ್ಕಾಗಿ ಸುಲಿದು ನುಣ್ಣಗೆ ಮಾಡುವ ರೂಢಿಯೂ ಇದೆ. ಚೀನಾ, ಜಪಾನುಗಳಲ್ಲಿ ಹಗ್ಗ, ಪೊರಕೆ, ಮಳೆಗೆ ಹೊದೆಯುವ ಗೊರಬಿನಂಥ ಉಡುಪು ಮಾಡಿದ್ದು ಇದೇ ನಾರಿನಿಂದ. ಮರದ ಮೈಮೇಲೆ ಅದು ಇರುವಷ್ಟು ದಿನ ಮರಕ್ಕೇ ಅಂಗಿ. ಚಳಿಯ ಊರಿನಲ್ಲಿ ಅದನ್ನು ಸುಲಿಯುವುದು ನನ್ನ ಮಟ್ಟಿಗೆ ಅನ್ಯಾಯ. ನೆಲದ ವಿಷಯಕ್ಕೂ ಇದೇ ತರ್ಕ. ಅಡಿಕೆ ತೋಟಕ್ಕೆ ಬಸಿಗಾಲುವೆ ಹೇಗೋ ಹಾಗೆ ಇಲ್ಲಿಯೂ ನೀರು ಹರಿದುಹೋಗುವ ಏರು ಮಡಿಯಲ್ಲಿ ನೆಡಬೇಕು. ನೆಡುವುದು ವಸಂತದಲ್ಲಿ; ಶರತ್ಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಗಿಡ ಬೇರು ಬಿಡುವ ಮೊದಲೇ ಮಳೆ ಹಿಡಿಯುತ್ತದೆ. ಬುಡಕ್ಕೆ ತರಗೆಲೆಯ ಹೊದಿಕೆ ದಪ್ಪವಾಗಿರಲಿ. ಮಣ್ಣು ಹೆಪ್ಪುಗಟ್ಟಿದರೆ ಬೇರು ನೀರೆತ್ತಲಾರದು, ಒಣಗಾಳಿ ಗರಿಯನ್ನು ಹೀರಿಬಿಡುತ್ತದೆ.

ಇಷ್ಟು ಪಾಡು ಏಕೆ, ಇಲ್ಲಿನ ಮರ ಇಲ್ಲಿಗೆ ಸಾಲದೇ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚಿನೊ ಪ್ರಾಂತ್ಯದಲ್ಲಿ ತೋಟದಿಂದ ಹೊರಬಿದ್ದ ಇದೇ ತಾಳೆ ಕಾಡಿನ ನೆರಳಲ್ಲಿ ಸಾವಿರಗಟ್ಟಲೆ ಸಸಿಗಳಾಗಿ ಹಬ್ಬಿದೆ. ಹಕ್ಕಿಗಳು ಬೀಜ ಒಯ್ಯುತ್ತವೆ, ಚಳಿಗಾಲ ಸೌಮ್ಯವಾಗುತ್ತಿದ್ದಂತೆ ಸಸಿ ಉಳಿಯುತ್ತದೆ. 2024ರ ಸೆಪ್ಟೆಂಬರಿನಿಂದ ಆ ದೇಶ ಇದರ ಮಾರಾಟವನ್ನೇ ನಿಷೇಧಿಸಿತು. ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆ ಎಂದು ಬಲ್ಲ ಕನ್ನಡಿಗ ಇದನ್ನು ಕಡೆಗಣಿಸಬಾರದು. ಆದರೆ ಅಲ್ಲಿಂದ ತಾಳೆಯನ್ನೇ ನೆಡಬಾರದು ಎಂಬ ತೀರ್ಮಾನಕ್ಕೆ ನಾನು ಹೋಗುವುದಿಲ್ಲ. ಈ ಜಾತಿಯಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೊಂಬಾಳೆ ಕಾಣಿಸಿಕೊಂಡ ಕೂಡಲೇ ಹೆಣ್ಣು ಮರದ್ದನ್ನು ಕತ್ತರಿಸಿದರೆ ಬೀಜವೇ ಕಟ್ಟುವುದಿಲ್ಲ, ಗಿಡದ ಶಕ್ತಿಯೂ ಉಳಿಯುತ್ತದೆ. ವರ್ಷಕ್ಕೆ ಒಮ್ಮೆ ಏಣಿ ಹತ್ತಿ ಆ ಕೆಲಸ ಮಾಡಲು ಒಪ್ಪದವರು ಕಾಡಿನ ಅಂಚಿನಲ್ಲಿ ಇದನ್ನು ನೆಡಬಾರದು, ಅಷ್ಟು ಮಾತ್ರ ಕಟ್ಟುನಿಟ್ಟು.

ಇಷ್ಟೆಲ್ಲ ಮಾಡಿಯೂ ಸುಳಿ ಕಿತ್ತುಬಂದರೆ ಗರಗಸ ತೆಗೆಯುವ ಅವಸರ ಬೇಡ. ಬೆಳೆಯುವ ಮೊಳಕೆ ಕೊಳೆತ ಜಾಗಕ್ಕಿಂತ ಕೆಳಗೆ, ಆಳದಲ್ಲಿರುತ್ತದೆ. ಎಷ್ಟೋ ಸಲ ಅಲ್ಲಿಯವರೆಗೆ ಕೊಳೆ ಇಳಿದಿರುವುದಿಲ್ಲ. ಕುಳಿಯನ್ನು ಚೊಕ್ಕ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ, ನೊರೆ ನಿಂತ ಮೇಲೆ ತಾಮ್ರದ ಔಷಧಿ ಹಾಕಿ, ಮಳೆ ತಾಗದಂತೆ ಸೂರು ಕಟ್ಟಿ ಕಾಯಬೇಕು. ಹಸಿರು ಗರಿ ಒಂದನ್ನೂ ಕೊಯ್ಯಬಾರದು, ಊಟ ಬರುವುದು ಅವುಗಳಿಂದಲೇ. ಮೊದಲು ಬರುವ ಗರಿ ತುದಿ ಕತ್ತರಿಸಿದಂತೆ ಮೊಂಡಾಗಿ, ಸುಕ್ಕುಸುಕ್ಕಾಗಿ ಬರುತ್ತದೆ, ಅದು ಒಳ್ಳೆಯ ಸುದ್ದಿ. ಸುಳಿ ಗಟ್ಟಿಯಾಗಿಯೇ ಇದ್ದು ಜೀವ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಮಾರ್ಚ್ ಕೊನೆಗೆ ಅಳಿಸದ ಶಾಯಿಯ ಪೆನ್ನಿನಿಂದ ಸುಳಿಗೂ ಅದರ ಪಕ್ಕದ ಗರಿಯ ದಂಟಿಗೂ ಸೇರಿಸಿ ಅಡ್ಡಕ್ಕೆ ಒಂದೇ ಗೆರೆ ಎಳೆಯಿರಿ. ಪಕ್ಕದ ದಂಟು ಬೆಳೆದು ಮುಗಿದದ್ದು, ಅದರ ಮೇಲಿನ ಗೆರೆ ಅಲ್ಲೇ ಇರುತ್ತದೆ. ವಾರಗಳು ಕಳೆದು ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಸುಳಿಯ ಮೇಲಿನ ಗೆರೆ ಅಕ್ಕಿಕಾಳಿನ ಅಗಲದಷ್ಟು ಮೇಲೆ ಸರಿದಿದ್ದರೆ, ಸೂರನ್ನು ಬಿಚ್ಚಿ ಒಳಗಿಡಬಹುದು.