ಒಂದು ಓಮ್‌ಗೆ ಇಳಿಸಿಕೊಡ್ರಿ

ಕಾರಿಗೆ ಸೌಂಡ್ ಸಿಸ್ಟಮ್ ಹಾಕಿಸಲು ಬರುವವರು ಮೊದಲು ವಿಚಾರಿಸುವುದು ವ್ಯಾಟ್. ‘ಎಷ್ಟು ವ್ಯಾಟ್ ಐತ್ರಿ ಇದು?’ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 3000 ಅಂತಿದ್ದರೆ ಮುಖ ಅರಳುತ್ತದೆ. ನಾನು ಆಂಪ್ (ಆಂಪ್ಲಿಫೈಯರ್) ತಿರುಗಿಸಿ ಪವರ್ ವೈರ್ ಕೂರುವ ಜಾಗದ ಪಕ್ಕದ ಫ್ಯೂಸ್ ತೋರಿಸುತ್ತೇನೆ. ಅದರ ಮೇಲೆ 30 ಎಂದಿರುತ್ತದೆ, ಅಂದರೆ 30 ಆಂಪಿಯರ್. ಇಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು 14 ವೋಲ್ಟ್ ಚಿಲ್ಲರೆ. ಎರಡನ್ನೂ ಗುಣಿಸಿದರೆ 420. ಒಳಗೆ ಹೋಗುವುದೇ 420 ವ್ಯಾಟ್ ಆದ ಮೇಲೆ ಹೊರಗೆ 3000 ಎಲ್ಲಿಂದ ಬಂದೀತು? ಒಳ್ಳೆಯ ಕ್ಲಾಸ್ ಡಿ ಆಂಪ್ ಆದರೂ ಐದರಲ್ಲೊಂದು ಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಡಬ್ಬಿ ಏನು ಬೇಕಾದರೂ ಹೇಳಲಿ, ನಾನು ನಂಬುವುದು ಫ್ಯೂಸನ್ನು.

ಈಚೆಗೆ ಹುಡುಗರು ವ್ಯಾಟ್ ಬಿಟ್ಟು ಓಮ್ ಹಿಡಿದಿದ್ದಾರೆ, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬಂದು, ‘ಅಣ್ಣ, ಒಂದು ಓಮ್‌ಗೆ ಇಳಿಸಿಕೊಡ್ರಿ, ಬಾಸ್ ಎದಿಗೆ ಗುದ್ದಬೇಕು’ ಅನ್ನುತ್ತಾರೆ. ಅವರು ಕೇಳಿಕೊಂಡು ಬಂದದ್ದು ಸುಳ್ಳಲ್ಲ, ಅರ್ಧ ನಿಜ. ಆಂಪ್ ಕೊಡುವ ವೋಲ್ಟೇಜ್ ಅಷ್ಟೇ ಇದ್ದು ಎದುರಿಗಿರುವ ಓಮ್ ಅರ್ಧಕ್ಕಿಳಿದರೆ ಹರಿಯುವ ಕರೆಂಟ್ ದುಪ್ಪಟ್ಟಾಗುತ್ತದೆ, ವ್ಯಾಟೂ ದುಪ್ಪಟ್ಟಾಗುತ್ತದೆ. ಆ ದುಪ್ಪಟ್ಟು ಕರೆಂಟನ್ನು ಹೊರಬೇಕಾದವರು ಯಾರು ಎಂಬ ಉಳಿದರ್ಧ ಮಾತ್ರ ಆ ವಿಡಿಯೋಗಳಲ್ಲಿ ಇರುವುದಿಲ್ಲ. ಹಳ್ಳಿ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ಹೊಲದ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರ್‌ಗೆ) ತಾಕತ್ತು ಮೀರಿ ಪಂಪ್‌ಸೆಟ್ ಜೋಡಿಸಿದರೆ ಏನಾಗುತ್ತದೆಂದು ಮೆಕ್ಕೆಜೋಳ ಬೆಳೆಯುವವನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸುಟ್ಟ ಟಿ.ಸಿ. ಬದಲಾಯಿಸಲು ಅಲೆದು ಬಂದವನು ಅವನು.

ನಾನು ಇರುವುದು ಹರಿಹರದಲ್ಲಿ, ಕೆಲಸ ದಾವಣಗೆರೆಯ ಪಿ.ಬಿ. ರಸ್ತೆ ಕಡೆ. ಹೀಗಾಗಿ ಎರಡೂ ಊರಿನ ಗಾಡಿಗಳು ಕೈಗೆ ಬರುತ್ತವೆ. ಹರಿಹರದ ಒಂದು ಬೊಲೆರೊ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರ ವೈರಿಂಗ್‌ನಲ್ಲಿ ಈ ವಿಷಯದ ಎಲ್ಲ ತೊಡಕೂ ಇದ್ದವು.

ಗಾಡಿ ತಂದವರು ಅಪ್ಪ ಮತ್ತು ಮಗ. ಹಿಂದೆ ಹನ್ನೆರಡು ಇಂಚಿನ ಎರಡು ವೂಫರ್, ಪೋರ್ಟ್ ಇರುವ ಒಂದೇ ಬಾಕ್ಸು, ಸೀಟಿನಡಿ ನಾಲ್ಕು ಚಾನೆಲ್ಲಿನ ಆಂಪ್. ಮುಂದಿನ ಎರಡು ಚಾನೆಲ್ ಬಾಗಿಲ ಸ್ಪೀಕರುಗಳಿಗೆ, ಹಿಂದಿನೆರಡನ್ನು ಬ್ರಿಡ್ಜ್ ಮಾಡಿ ವೂಫರಿಗೆ ಕೊಟ್ಟಿದ್ದರು. ಸಣ್ಣ ಸೌಂಡಿನಲ್ಲಿ ಎಲ್ಲ ಸರಿ. ಏರಿಸಿದ ಕೂಡಲೇ ಆಂಪ್‌ನ ಕೆಂಪು ಲೈಟ್ ಹತ್ತಿ ಶಬ್ದ ಬಂದ್. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಬರುತ್ತದೆ, ಮತ್ತೆ ಹೋಗುತ್ತದೆ. ಬಿಸಿಲೇರಿದ ಮೇಲಂತೂ ಒಂದು ಹಾಡು ಪೂರ್ತಿ ಕೇಳುವಂತಿಲ್ಲ. ‘ಆಂಪ್ ಹೋಗೈತಂತ್ರಿ, ಹೊಸದು ಹಾಕ್ಸಬೇಕಂತ ಹೇಳಿದ್ರು’ ಎಂದ ಮಗ. ಕೆಂಪು ಲೈಟ್ ಬಂದರೆ ಆಂಪ್ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ಅದು ಕೆಟ್ಟಿರುವುದಿಲ್ಲ, ಕೆಡದಂತೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರುತ್ತದೆ.

ಆಂಪ್ ಕಡೆಯ ವೈರ್ ಬಿಚ್ಚಿ ಬಾಕ್ಸಿನ ತುದಿಗಳಿಗೆ ಮೀಟರ್ ಹಿಡಿದೆ. ವೈರ್ ಆಂಪ್‌ಗೆ ಸಿಕ್ಕಿಕೊಂಡೇ ಇದ್ದರೆ ರೀಡಿಂಗ್ ದಾರಿ ತಪ್ಪಿಸುತ್ತದೆ, ಬಿಚ್ಚಲೇಬೇಕು. ಮೀಟರ್ 1.2 ತೋರಿಸಿತು. ಪಕ್ಕದಲ್ಲಿ ನಿಂತಿದ್ದ ಅಪ್ಪ, ‘ಝೀರೋ ಎರರ್ ಕಳೆದೆ ಏನಪ್ಪಾ?’ ಎಂದರು. ನಾನು ತಿರುಗಿ ನೋಡಿದೆ. ವರ್ಷಗಟ್ಟಲೆ ಲೇತ್ ಮುಂದೆ ನಿಂತು ರಿಟೈರ್ ಆದವರು. ಹರಿಹರದಲ್ಲಿ ಇಂಥ ಹಿರಿಯರು ಇನ್ನೂ ಸಿಗುತ್ತಾರೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಬಹಳ ಕಾಲವಾದರೂ ಮೈಕ್ರೋಮೀಟರ್ ಹಿಡಿದ ಕೈಗಳ ಅಭ್ಯಾಸ ಊರಿನಿಂದ ಹೋಗಿಲ್ಲ. ಮಗ ವ್ಯಾಟ್ ಕೇಳುತ್ತಿದ್ದ, ಅಪ್ಪ ರೀಡಿಂಗ್ ಕೇಳಿದರು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ತೋರಿಸಿದೆ: 0.3. ಅದು ಮೀಟರಿನ ಸ್ವಂತ ವೈರಿನದು. ಕಳೆದರೆ ಉಳಿಯುವುದು 0.9. ದೊಡ್ಡ ರೀಡಿಂಗ್ ಇದ್ದಾಗ ಈ 0.3 ಲೆಕ್ಕಕ್ಕೆ ಬರುವುದಿಲ್ಲ, ಒಂದು ಓಮ್‌ನ ಆಸುಪಾಸಿನಲ್ಲಿ ಅದೇ ದೊಡ್ಡ ತಪ್ಪಾಗುತ್ತದೆ.

0.9 ಹೇಗೆ ಬಂತು ಅಂದರೆ, ಆ ವೂಫರುಗಳು ಡಬಲ್ ಕಾಯಿಲ್‌ನವು. ಒಂದೊಂದು ಕಾಯಿಲೂ 4 ಓಮ್. ಮೀಟರಿನಲ್ಲಿ 4ರ ಕಾಯಿಲ್ ಮೂರೂವರೆ ಆಸುಪಾಸು ತೋರಿಸುತ್ತದೆ. ಮೀಟರ್ ಅಳೆಯುವುದು ತಂತಿಯ ಪ್ರತಿರೋಧ ಮಾತ್ರ, ಕಾಗದದ ಮೇಲಿನ 4 ಹಾಡು ಓಡುವಾಗಿನ ಲೆಕ್ಕ. ಇಂಥ ನಾಲ್ಕು ಕಾಯಿಲ್‌ಗಳ ಪ್ಲಸ್ಸನ್ನೆಲ್ಲ ಒಂದು ಕಡೆ, ಮೈನಸ್ಸನ್ನೆಲ್ಲ ಒಂದು ಕಡೆ ಸೇರಿಸಿದ್ದರು. ಪೂರಾ ಪ್ಯಾರಲಲ್. ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಒಂದು ಓಮ್.

ಆಂಪ್ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನಲ್ಲೇ ಪ್ಲಾಸ್ಟಿಕ್ ಕವರ್ ಸಮೇತ ಇತ್ತು. ಬಿಡಿ ಚಾನೆಲ್‌ಗೆ ಕನಿಷ್ಠ 2 ಓಮ್, ಬ್ರಿಡ್ಜ್ ಮಾಡಿದರೆ ಕನಿಷ್ಠ 4 ಓಮ್ ಎಂದು ಅದರಲ್ಲಿ ಅಚ್ಚಾಗಿತ್ತು. ಬಹಳ ಜನ ಮೊದಲ ಸಂಖ್ಯೆ ಓದಿ ಎರಡನೆಯದನ್ನು ಬಿಡುತ್ತಾರೆ. ಬ್ರಿಡ್ಜ್ ಅಂದರೆ ಎರಡು ಚಾನೆಲ್‌ಗಳು ಒಂದೇ ವೂಫರನ್ನು ಎರಡು ತುದಿಯಿಂದ ದೂಡಿ ಎಳೆಯುವುದು. ಒಂದು ಮೇಲೇರಿದಾಗ ಇನ್ನೊಂದು ಕೆಳಗಿಳಿಯುತ್ತದೆ, ವೂಫರಿಗೆ ದುಪ್ಪಟ್ಟು ವೋಲ್ಟೇಜ್ ಸಿಗುತ್ತದೆ. ಪ್ರತಿ ಚಾನೆಲ್‌ಗೆ ಕಾಣುವ ಹೊರೆ ಮಾತ್ರ ಅರ್ಧ. 4 ಓಮ್ ಕೊಟ್ಟರೆ ತಲಾ 2. ಇಲ್ಲಿ 1 ಕೊಟ್ಟಿದ್ದರಿಂದ ತಲಾ ಅರ್ಧ ಓಮ್ ಬಿದ್ದಿತ್ತು, ತಡೆಯುವುದಕ್ಕಿಂತ ನಾಲ್ಕು ಪಟ್ಟು ಭಾರ. ಅಷ್ಟಾದರೂ ಸುಡದೆ ಉಳಿದಿತ್ತಲ್ಲ, ಆ ಪ್ರೊಟೆಕ್ಷನ್ ಸರ್ಕ್ಯೂಟ್ ಬರೆದವನಿಗೆ ಕೈಮುಗಿಯಬೇಕು.

ಪರಿಹಾರಕ್ಕೆ ಹೊಸ ಸಾಮಾನು ಏನೂ ಬೇಕಾಗಲಿಲ್ಲ. ಒಂದೊಂದು ವೂಫರಿನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿದೆ: ಮೊದಲ ಕಾಯಿಲಿನ ಮೈನಸ್ಸಿನಿಂದ ಎರಡನೆಯದರ ಪ್ಲಸ್ಸಿಗೆ ಒಂದು ತುಂಡು ವೈರ್. ಅಲ್ಲಿಗೆ ವೂಫರಿಗೆ 8 ಓಮ್. ಆ ಎರಡು ಎಂಟುಗಳನ್ನು ಪ್ಯಾರಲಲ್ ಮಾಡಿದರೆ 4. ಮೀಟರಿನಲ್ಲಿ, ಕಳೆಯುವುದನ್ನು ಕಳೆದು, ಮೂರೂವರೆ. ಸ್ಕ್ರೂ ಬಿಗಿಯುವ ಮುಂಚೆ ಇನ್ನೊಂದು ಪರೀಕ್ಷೆ ಇದೆ, ಅವಸರದಲ್ಲಿ ಎಲ್ಲರೂ ಬಿಡುವುದು ಇದನ್ನೇ. ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿಯನ್ನು ವೈರಿನ ತುದಿಗೆ ಒಂದು ಕ್ಷಣ ತಾಗಿಸಬೇಕು, ಪ್ಲಸ್ಸಿಗೆ ಪ್ಲಸ್ಸು. ಎರಡೂ ಕೋನ್‌ಗಳು ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಒಂದರ ಗಾಳಿಯನ್ನು ಇನ್ನೊಂದು ನುಂಗುತ್ತದೆ, ಓಮ್ ಎಲ್ಲ ಸರಿಯಿದ್ದೂ ಬಾಸ್ ಇರುವುದಿಲ್ಲ. ಒಂದೇ ವೂಫರಿನ ಎರಡು ಕಾಯಿಲ್‌ಗಳು ತಿರುವುಮುರುವಾದರೆ ಕೋನ್ ಅಲುಗುವುದೇ ಇಲ್ಲ. ಮೀಟರ್ ಮಾತ್ರ ಸರಿಯಾದ ರೀಡಿಂಗನ್ನೇ ತೋರಿಸುತ್ತಿರುತ್ತದೆ. ಕೋನ್ ಮಧ್ಯದ ಗುಮ್ಮಟಕ್ಕೆ ಬೆರಳ ತುದಿ ಇಟ್ಟುಕೊಂಡು ನೋಡಿದರೆ ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ.

ಮಗನಿಗೆ ಸಮಾಧಾನವಿರಲಿಲ್ಲ. ‘ನಾಲ್ಕು ಓಮ್ ಆದ್ರೆ ಬಾಸ್ ಕಡಿಮಿ ಆಗಲ್ವೇನಣ್ಣ?’ ಈ ಪ್ರಶ್ನೆಗೆ ನನ್ನ ಉತ್ತರ ಯಾವಾಗಲೂ ಒಂದೇ. ವ್ಯಾಟ್ ದುಪ್ಪಟ್ಟಾದರೆ ಶಬ್ದ ದುಪ್ಪಟ್ಟಾಗುವುದಿಲ್ಲ, ಏರುವುದು 3 ಡೆಸಿಬಲ್. ಅಕ್ಕಪಕ್ಕ ಇಟ್ಟು ಕೇಳಿಸಿದರೆ ‘ಹೌದು, ಸ್ವಲ್ಪ ಏರಿತು’ ಅನ್ನುವಷ್ಟು. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. ಆ ಮೂರಕ್ಕಾಗಿ ಆಂಪ್, ವೈರು, ಬ್ಯಾಟರಿ, ಆಲ್ಟರ್ನೇಟರ್ ಎಲ್ಲಕ್ಕೂ ದುಪ್ಪಟ್ಟು ಕರೆಂಟ್ ಹೊರಿಸುವ ವ್ಯವಹಾರ ನನಗಂತೂ ಎಂದೂ ಲಾಭದ್ದಾಗಿ ಕಂಡಿಲ್ಲ. ಒಂದು ಓಮ್‌ಗೆಂದೇ ತಯಾರಾದ ಮೋನೋ ಆಂಪ್‌ಗಳಿವೆ. ಅವಕ್ಕೆ ಒಂದು ಕೊಡಲಿ, ತಕರಾರಿಲ್ಲ. ಪುಸ್ತಕದಲ್ಲಿ ಇಲ್ಲದ ಓಮ್ ಬೇಡ, ಅಷ್ಟೇ.

ಓದಿಕೊಂಡ ಹುಡುಗರ ಹತ್ತಿರ ಇನ್ನೊಂದು ವಾದವಿದೆ. ಬಾಕ್ಸಿನೊಳಗೆ ವೂಫರ್ ಅಲುಗುವಾಗ ಓಮ್ ಏರುತ್ತದಲ್ಲ, ಒಂದು ಎಂದು ಜೋಡಿಸಿದರೂ ಆಂಪ್‌ಗೆ ಕಾಣುವುದು ಮೂರೋ ನಾಲ್ಕೋ ತಾನೇ? ಏರುವುದು ನಿಜ. ಆದರೆ ಎಲ್ಲ ಸ್ವರಕ್ಕೂ ಏರುವುದಿಲ್ಲ. ಪೋರ್ಟ್ ಇರುವ ಬಾಕ್ಸಿನಲ್ಲಿ ಓಮ್‌ನ ಗೆರೆ ಎರಡು ದಿಬ್ಬ, ನಡುವೆ ಒಂದು ತಗ್ಗು. ಆ ತಗ್ಗು ಬೀಳುವುದು ಬಾಕ್ಸನ್ನು ಯಾವ ಸ್ವರಕ್ಕೆ ಕಟ್ಟಿದ್ದಾರೋ ಸರಿಯಾಗಿ ಅಲ್ಲೇ, ಮತ್ತು ಅಲ್ಲಿ ಓಮ್ ಮೀಟರಿನ ರೀಡಿಂಗ್ ಹತ್ತಿರಕ್ಕೇ ಇಳಿದಿರುತ್ತದೆ. ಹಾಡಿನಲ್ಲಿ ಬಾಸ್ ಎಳೆದು ನಿಲ್ಲುವುದೂ ಅದೇ ಕಡೆ. ದಿಬ್ಬ ನಂಬಿ ಗಾಡಿ ಬಿಟ್ಟವನು ತಗ್ಗಿನಲ್ಲಿ ಸಿಕ್ಕಿಬೀಳುತ್ತಾನೆ.

ಬೊಲೆರೊದ ಪವರ್ ವೈರನ್ನೂ ನಾನು ಬದಲಾಯಿಸಿದೆ, ಅದಕ್ಕೆ ಮಾತ್ರ ದುಡ್ಡಾಯಿತು. ಇದ್ದದ್ದು ತಾಮ್ರದ ಬಣ್ಣ ಬಳಿದಂತೆ ಕಾಣುವ ಅಲ್ಯೂಮಿನಿಯಂ. ಬ್ಲೇಡಿನಿಂದ ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಇಂಥ ವೈರ್ ಅದೇ ದಪ್ಪದ ತಾಮ್ರ ಒಯ್ಯುವುದರಲ್ಲಿ ಮೂರನೇ ಎರಡು ಪಾಲಿನಷ್ಟನ್ನು ಒಯ್ದರೆ ಹೆಚ್ಚು. 8 ಗೇಜಿನ ಶುದ್ಧ ತಾಮ್ರ ಐದು ಮೀಟರ್ ಎಳೆದು 60 ಆಂಪಿಯರ್ ಹರಿಸಿದರೂ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರುತ್ತದೆ, ಅಲ್ಯೂಮಿನಿಯಂ ಆದರೆ ಒಂದು ವೋಲ್ಟಿನ ಹತ್ತಿರ. ಓಮ್ ಇಳಿಸಿದಷ್ಟೂ ಈ ಸೋರಿಕೆ ಏರುತ್ತದೆ, ಆಂಪ್ ಬಿಸಿಯಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಸೀಟಿನಡಿಯ ಕಾರ್ಪೆಟ್ ಮೇಲೆ, ಅದರ ಗತಿ ಕೇಳಬೇಡಿ. ಬ್ಯಾಟರಿ ಪಕ್ಕದ ಮೇನ್ ಫ್ಯೂಸಿನ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದರು. ಇದರ ಬಗ್ಗೆ ನಾನು ಮೆದುವಾಗಿ ಮಾತಾಡುವುದಿಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಸರಿಯಾದ ಫ್ಯೂಸ್ ಇರಲೇಬೇಕು. ಅದು ಇರುವುದು ಆಂಪ್ ಉಳಿಸಲಿಕ್ಕಲ್ಲ, ವೈರಿನ ಹೊದಿಕೆ ಸವೆದು ಬಾಡಿಗೆ ತಾಗಿದ ದಿನ ಗಾಡಿ ಉರಿಯದಿರಲಿಕ್ಕೆ. ತಂತಿ ಸುತ್ತಿದ ಗಾಡಿ ಬಂದರೆ ಮೊದಲು ಅದನ್ನು ತೆಗೆಸುತ್ತೇನೆ. ಒಪ್ಪದಿದ್ದರೆ ಕೆಲಸ ಮುಟ್ಟುವುದಿಲ್ಲ.

ಕೊನೆಗೆ ಆಂಪ್ ಮೇಲಿನ ಗೇನ್ ತಿರುಪು. ಅದನ್ನು ವಾಲ್ಯೂಮ್ ಎಂದುಕೊಂಡು ಪೂರ್ತಿ ತಿರುಗಿಸಿಟ್ಟಿರುತ್ತಾರೆ. ಆ ಆಂಪ್ ಬ್ರಿಡ್ಜ್‌ನಲ್ಲಿ 4 ಓಮ್‌ಗೆ 250 ವ್ಯಾಟ್ ಕೊಡುವಂಥದ್ದು. 250ನ್ನು 4ರಿಂದ ಗುಣಿಸಿದರೆ 1000, ಅದರ ವರ್ಗಮೂಲ 31.6. ವೂಫರ್ ಬಿಚ್ಚಿಟ್ಟು, 50 ಹರ್ಟ್ಸ್‌ನ ಒಂದೇ ಸ್ವರ ಹಚ್ಚಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮಿನಲ್ಲಿಟ್ಟು, ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, 31 ದಾಟದಂತೆ ಗೇನ್ ನಿಲ್ಲಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ಮೀಟರ್ ನೋಡಿ ‘ಸಾಕು ಬಿಡು’ ಎಂದರು. ಇದನ್ನು ಮೀರಿ ತಿರುಗಿಸಿದರೆ ಸ್ವರದ ತಲೆ ಚಪ್ಪಟೆಯಾಗಿ ಕಾಯಿಲ್ ಕಾಯುತ್ತದೆ. ಸುಟ್ಟ ವಾರ್ನಿಶ್ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಆ ವೂಫರಿನ ಆಸೆ ಬಿಡಬೇಕು.

ಹಾಡು ಹಾಕಿದಾಗ ಮಗನ ಮುಖ ನೋಡಬೇಕಿತ್ತು. ಬಾಸ್ ಕಡಿಮೆಯಾಗಿರಲಿಲ್ಲ, ಮೊದಲ ಸಲ ನಡುವೆ ನಿಲ್ಲದೆ ಬಂತು. ಬಾಕ್ಸಿನ ಹಿಂಬದಿಯ ಸಂದಿಯಿಂದ ಗಾಳಿ ಸೀಟಿ ಹೊಡೆಯುತ್ತಿತ್ತು. ಒಳಗಿನಿಂದ ಫೆವಿಕಾಲ್, ಸಿಲಿಕಾನ್ ಹಚ್ಚಿ ಮುಚ್ಚಿದ ಮೇಲೆ ಇನ್ನಷ್ಟು ಗಟ್ಟಿಯಾಯಿತು. ಬಾಕ್ಸಿನ ಸೋರಿಕೆ ತಡೆದರೆ ಸಿಗುವ ಬಾಸನ್ನು ಓಮ್ ಇಳಿಸಿ ತರಲು ಹೋಗುವವರೇ ನಮ್ಮಲ್ಲಿ ಹೆಚ್ಚು.

ಅಸಲಿಗೆ ಈ ಲೆಕ್ಕವೆಲ್ಲ ನಡೆಯಬೇಕಾದದ್ದು ಕೊಳ್ಳುವ ಮುಂಚೆ. 4 ಓಮ್‌ನ ಡಬಲ್ ಕಾಯಿಲ್ ವೂಫರ್ ಒಂದೇ ಇದ್ದರೆ ಅದನ್ನು 8 ಮಾಡಬಹುದು, 2 ಮಾಡಬಹುದು. ಎರಡೂ ಕಾಯಿಲ್ ಬಳಸಿ 4 ಮಾಡಲಿಕ್ಕೆ ಬ್ರಹ್ಮನಿಂದಲೂ ಆಗದು. ಬ್ರಿಡ್ಜ್‌ಗೆ 4 ಬೇಡುವ ಆಂಪ್ ಮನೆಯಲ್ಲಿದ್ದರೆ 2 ಓಮ್‌ನ ಡಬಲ್ ಕಾಯಿಲ್ ತಂದು ಸೀರೀಸ್ ಮಾಡಬೇಕು. ವಿದ್ಯಾನಗರದ ಮೇಷ್ಟ್ರೊಬ್ಬರು ಆನ್‌ಲೈನಿನಲ್ಲಿ 4ರದ್ದನ್ನೇ ತರಿಸಿಕೊಂಡು ಬಂದಿದ್ದರು, ವಾಪಸ್ ಕೊಡುವ ಅವಧಿ ಮುಗಿದಿತ್ತು. ‘ಒಂದೇ ಕಾಯಿಲ್ ಜೋಡಿಸಿದ್ರೆ ನಾಲ್ಕೇ ಆಗುತ್ತಲ್ರೀ’ ಎಂದು ಜಾಣ ಪ್ರಶ್ನೆ ಹಾಕಿದರು. ಆಗುತ್ತದೆ, ಆದರೆ ವೂಫರ್ ತಾಳುವ ವ್ಯಾಟ್ ಅರ್ಧವಾಗುತ್ತದೆ, ಕೋನಿನ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಸೀರೀಸ್ ಮಾಡಿ 8ರಲ್ಲೇ ಬಿಟ್ಟೆ. ಸಿಗಬಹುದಾದ ವ್ಯಾಟಿನಲ್ಲಿ ಅರ್ಧ ಹೋಯಿತು, ಶಬ್ದದಲ್ಲಿ ಅದೇ ಮೂರು ಡೆಸಿಬಲ್. ಮುಂದೆ ಅವರು ವೈಪರ್ ಮೋಟರಿನ ಸಲುವಾಗಿ ಬಂದಾಗ ನಾನೇ ಬಾಸ್ ಹೇಗಿದೆ ಎಂದು ವಿಚಾರಿಸಿದೆ. ‘ಹೆಂಡ್ತಿ ಇದೇ ಜಾಸ್ತಿ ಅಂತಾಳ್ರೀ’ ಎಂದರು.