ಮೂಳೆಯ ಗಡ್ಡೆಯೊಳಗೆ ಏನಿದೆ?



ಮೊಣಕಾಲ ಹತ್ತಿರ ಬಾವು ಬಂದರೆ ನಾವು ಎಣ್ಣೆ ಹಚ್ಚಿ ತಿಕ್ಕಿಸುತ್ತೇವೆ. ತಿಂಗಳಾದರೂ ಇಳಿಯದಿದ್ದರೆ ತಿಕ್ಕುವುದು ಬೇಡ, ಎಕ್ಸ್‌ರೇ ತೆಗೆಸೋಣ. ಅದು ಮೂಳೆಯ ಗಡ್ಡೆಯೂ ಆಗಿರಬಹುದು. 20ರಿಂದ 40 ವರ್ಷದವರಲ್ಲಿ ಹೆಚ್ಚಾಗಿ ಕಾಣುವ ಇಂಥ ಒಂದು ಗಡ್ಡೆಗೆ ‘ಜಯಂಟ್ ಸೆಲ್ ಟ್ಯೂಮರ್’ ಅಂತಾರೆ.

ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡ ದೊಡ್ಡ ಜೀವಕೋಶಗಳು ಕಾಣುತ್ತವೆ. ಮಾವಿಗೆ ಒಂದೇ ಗೊರಟು ಇದ್ದ ಹಾಗೆ ಸಾಮಾನ್ಯ ಕೋಶಕ್ಕೆ ಒಂದೇ ಕೇಂದ್ರ. ಇವುಗಳಲ್ಲಿ ಪಪ್ಪಾಯಿ ಬೀಜದ ಹಾಗೆ 50ಕ್ಕೂ ಹೆಚ್ಚು ಇರಬಹುದು! ಮೂಳೆ ಕರಗಿಸುವುದು ಇವೇ. ಆದರೆ ನಿಜವಾದ ಗಡ್ಡೆಕೋಶಗಳು ನಡುವೆ ಇರುವ ಸಣ್ಣವು. ದೊಡ್ಡವನ್ನು ಸೇರಿಸಿಕೊಳ್ಳುವುದು ಅವೇ.

ಹೆಸರು ಕೇಳಿ ಹೆದರಬೇಡಿ, ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ. ಹಾಗಂತ ಬಿಟ್ಟರೆ ಮೂಳೆ ಟೊಳ್ಳಾಗಿ ಮುರಿದೀತು. ಕೆರೆದು ತೆಗೆದ ಮೇಲೂ ಮತ್ತೆ ಬರುವುದುಂಟು, ಆದ್ದರಿಂದ ಡಾಕ್ಟರು ಹೇಳಿದ ದಿನ ತಪ್ಪದೆ ತೋರಿಸಬೇಕು.